ಇಂಗ್ಲೆಂಡಮ್ಮನ ಗಂಟೆ

೩ ಫೆಬ್ರವರಿ ೨೦೦೬, ಹುಣಸೂರು

ಬೆಳಿಗ್ಗೆ ಎರಡು ಪಾರ್ಸೆಲ್ ಕಟ್ಟಿದೆ. ಒಂದು ಕೆನಡಾಕ್ಕೆ, ಒಂದು ಜರ್ಮನಿಗೆ. ಗಂಟೆಯ ಹೊಟ್ಟೆಯೊಳಗೆ ಬಟ್ಟೆ ತುರುಕಿ ನಾಲಿಗೆ ಅಲುಗದಂತೆ ಮಾಡುವುದೇ ದೊಡ್ಡ ಕೆಲಸ. ಇಲ್ಲದಿದ್ದರೆ ಪೋಸ್ಟ್ ಆಫೀಸಿನ ಕಂಠಪ್ಪನವರು ಎಲ್ಲರ ಮುಂದೆ ಕೇಳುತ್ತಾರೆ — "ಏನಮ್ಮ ರಾಧಾ, ಒಳಗೆ ಬಸವನ್ನ ಕೂರ್ಸಿದ್ದೀಯಾ?"

ಮಾವನ ಕಾಲದ ಅಂಗಡಿ. ದನದ ಹಗ್ಗ, ಮೂಗುದಾರ, ಕೊರಳಪಟ್ಟಿ, ಗಂಟೆ. ಈಗ ಊರೂರಿಗೂ ಟ್ರ್ಯಾಕ್ಟರ್. ಹಳೇ ಗಂಟೆಗಳನ್ನು ಇಂಟರ್‌ನೆಟ್‌ನಲ್ಲಿ ಹರಾಜಿಗೆ ಇಡೋಣ ಎಂದಾಗ ಇವರು ನಕ್ಕಿದ್ದರು. ಈಗ ಇವರೇ ಹುಣಸೇಹಣ್ಣು ಹಚ್ಚಿ ಗಂಟೆ ಉಜ್ಜುತ್ತಾರೆ. ನೋಡಲು ಖುಷಿ.

ಸಂಜೆ ಸೈಬರ್‌ಗೆ ಹೋಗಿದ್ದೆ. ಹೊಸ ಆರ್ಡರ್. ಇಂಗ್ಲೆಂಡ್, ಮಿಸೆಸ್ ವಿನಿಫ್ರೆಡ್. ಪಟ್ಟಿ ಸಮೇತ ಒಂದು ಗಂಟೆ. ಮೇಲ್ ಎರಡೇ ಸಾಲು. ನಮಸ್ಕಾರವೂ ಇಲ್ಲ.

೨೧ ಫೆಬ್ರವರಿ

ಆ ವಿನಿಫ್ರೆಡ್ ಅವರಿಂದ ಮೇಲ್. ಪಟ್ಟಿ ಗಿಡ್ಡವಂತೆ. "ನೀವು ಅಳತೆ ತೆಗೆದುಕೊಳ್ಳುವುದನ್ನು ಕಲಿಯಬೇಕು" ಎಂದು ಬರೆದಿದ್ದಾರೆ. ಅಳತೆ ಕೊಟ್ಟವರು ಯಾರು! ಹೋಗಲಿ. ಉದ್ದದ ಪಟ್ಟಿ ಬೇರೆ ಕಳಿಸುತ್ತೇನೆಂದು ಬರೆದೆ. ಯಾವ ಪ್ರಾಣಿಗೆ ಎಂದೂ ಕೇಳಿದೆ.

ಉತ್ತರ: "ಅದು ನಿಮಗೆ ಬೇಕಿಲ್ಲ."

ಅತ್ತೆಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ಗಂಡನಿಗೇ ಕಟ್ಟಕ್ಕೇನೋ, ಹೇಳಕ್ಕೆ ನಾಚ್ಕೆ" ಅಂದರು. ಇವರು ಉಗುಳು ನೆತ್ತಿಗೆ ಹತ್ತುವಷ್ಟು ನಕ್ಕರು. ಇವತ್ತಿನಿಂದ ಆಕೆ ನಮ್ಮ ಮನೆಯಲ್ಲಿ 'ಇಂಗ್ಲೆಂಡಮ್ಮ'.

೧೧ ಮಾರ್ಚ್

ಪಟ್ಟಿ ಸರಿಹೋಯಿತಂತೆ. ಗಂಟೆ ಸರಿಯಿಲ್ಲವಂತೆ! ಸದ್ದು ಕೀರಲು. "ಇದು ಗಂಟೆಯಲ್ಲ, ಚಮಚ." ಇನ್ನೂ ದಪ್ಪ ದನಿ ಬೇಕು. ಒಂದೇ ದಿನ ಐದು ಮೇಲ್. ಕೊನೆಯದರಲ್ಲಿ — ಸರಿಯಾದ ಗಂಟೆ ಬರದಿದ್ದರೆ ಸೈಟ್‌ನಲ್ಲಿ ಕೆಂಪು ಮಾರ್ಕು, ಅಂದರೆ ಕೆಟ್ಟ ಅಭಿಪ್ರಾಯ, ಹಾಕುತ್ತೇನೆ.

ನನ್ನ ಹೆಸರಿನ ಮುಂದೆ ಆಗಲೇ ಒಂದು ಕೆಂಪು ಇದೆ. ಅಮೆರಿಕದವನೊಬ್ಬ ಹಾಕಿದ್ದು. 'ಹಳೆಯದು' ಎಂದು ಬರೆದಿದ್ದರೂ ಹಳೆಯದು ಕಳಿಸಿದ್ದಾರೆ ಎಂದು ದೂರು. ಇನ್ನೊಂದು ಬಂದರೆ ಅಕೌಂಟ್ ನಿಲ್ಲಿಸುತ್ತೇವೆಂದು ಸೈಟ್‌ನವರು ಎಚ್ಚರಿಸಿದ್ದಾರೆ. ನಿಂತರೆ ಅಂಗಡಿಯೂ ನಿಂತ ಹಾಗೇ…

ಇವರು: "ದುಡ್ಡು ವಾಪಸ್ ಕೊಟ್ಟು ಕೈ ತೊಳ್ಕೊ ಕಣೇ. ಯಾಕೆ ಗೋಳು."

ವಾಪಸ್ ಕೊಡುತ್ತೇನೆಂದು ಬರೆದೆ.

೧೨ ಮಾರ್ಚ್

ದುಡ್ಡು ಬೇಡವಂತೆ. ಗಂಟೆಯೇ ಬೇಕಂತೆ.

ವಿಚಿತ್ರ ಹೆಂಗಸು. ಸಿಟ್ಟು ಬಂತು, ಆದರೆ ಬೇರೊಂದು ಅನುಮಾನವೂ ಬಂತು. ದುಡ್ಡು ಬೇಡ ಎನ್ನುವವರು ಸುಮ್ಮನೆ ಕಾಡುವವರಲ್ಲ. ಅಂಗಡಿಯ ನಂಬರ್ ಬರೆದು, ನಮ್ಮಲ್ಲಿ ಸಂಜೆ ನಾಲ್ಕಾದಾಗ ಫೋನ್ ಮಾಡಿ ಎಂದು ಕಳಿಸಿದೆ. ಇವರಿಗೆ ಇನ್ನೂ ಹೇಳಿಲ್ಲ.

೧೪ ಮಾರ್ಚ್

ಮಾಡಿದರು!

ದನಿ ನಾನೆಣಿಸಿದಂತಿಲ್ಲ. ವಯಸ್ಸಾದವರು. ಉಸಿರು ಎಳೆದೆಳೆದು ಮಾತು. ನನ್ನ ಇಂಗ್ಲಿಷ್ ಅವರಿಗೆ ಅರ್ಧ, ಅವರದು ನನಗೆ ಅರ್ಧ. ಮೊದಲು ಬೈದರು. ಬೈಗುಳ ಮುಗಿಯುವವರೆಗೂ ಸುಮ್ಮನಿದ್ದು ಕೇಳಿದೆ — ಗಂಟೆ ಯಾರಿಗಮ್ಮ?

ಕತ್ತೆಗಂತೆ.

ಅವರ ಬಳಿ ಒಂದು ಮುದಿ ಕುದುರೆ ಇದೆ. ಎರಡೂ ಕಣ್ಣು ಹೋಗಿವೆ. ಜೊತೆಗೆ ಒಂದು ಕತ್ತೆ. ಕತ್ತೆಯ ಕೊರಳಲ್ಲಿ ಗಂಟೆ. ಅದು ಹೋದಲ್ಲಿಗೆ ಆ ಸದ್ದು ಹಿಡಿದು ಕುದುರೆ ಹೋಗುತ್ತದೆ — ನೀರಿಗೆ, ಹುಲ್ಲಿಗೆ, ರಾತ್ರಿ ಕೊಟ್ಟಿಗೆಗೆ. ಹೀಗೇ ವರ್ಷಗಳು. ಕ್ರಿಸ್‌ಮಸ್ ಹೊತ್ತಿಗೆ ಆ ಗಂಟೆ ಸೀಳಿಹೋಯಿತು. ಬೇರೆ ಎಷ್ಟೋ ಕಟ್ಟಿ ನೋಡಿದರು. ಕುದುರೆಗೆ ಅದು ತನ್ನ ಗೆಳೆಯ ಎಂದೇ ತಿಳಿಯುತ್ತಿಲ್ಲ. ನಿಂತಲ್ಲೇ ನಿಲ್ಲುತ್ತದೆ. ಹೆದರಿ ಓಡಿ ಬೇಲಿಗೆ ಗುದ್ದಿ ಎದೆ ಗಾಯ ಮಾಡಿಕೊಂಡಿದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ ಅಂದಿದ್ದಾರಂತೆ.

ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ಕತ್ತೆಗೆ ಗಂಟೆ ಹುಡುಕುವ ಮುದುಕಿ ಅಂತ ಇಲ್ಲಿ ಎಲ್ಲರೂ ನಗುತ್ತಾರೆ. ಇನ್ನೊಂದು ದೇಶವೂ ನಗಲಿ ಅಂತಲೇ?"

ನಾವು ನಕ್ಕಿದ್ದೆವು. ಹೇಳಲಿಲ್ಲ.

ಅತ್ತೆಗೆ ಎಲ್ಲ ಹೇಳಿದೆ. ಅವರು ಎಲೆಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ — "ಬರ್ದು ತಿಳ್ಸಾದಲ್ಲ ಅದು. ಫೋನಲ್ಲೇ ಬಾರ್ಸಿ ಕೇಳ್ಸು."

ಎಂಥ ಮಾತು! ನನಗೇಕೆ ಹೊಳೆಯಲಿಲ್ಲ.

೧೭ ಮಾರ್ಚ್

ಅಂತರಸಂತೆಯ ಮಂಚಯ್ಯ ಒಂದು ಗೋಣಿಚೀಲ ತುಂಬ ಗಂಟೆ ತಂದರು. ಕಾಡಂಚಿನ ಊರುಗಳಲ್ಲಿ ಎತ್ತು ಮಾರಿದವರ ಮನೆಯಿಂದ ಕೊಂಡು ತಂದು ನಮಗೆ ಕೊಡುವವರು ಅವರೇ. ಫೋನಿನ ವಿಷಯ ಹೇಳಿದೆ. "ಕಾಡಲ್ಲಿ ಮೇಯೋ ದನದ ಗಂಟೆ ದನಿ ದಪ್ಪ ಕಣವ್ವ. ಎಲ್ಲಾನೂ ಇಟ್ಕಂಡು ಬಾರ್ಸಿ ನೋಡಿ" ಎಂದು ಚೀಲ ಬಿಟ್ಟು ಹೋದರು. ಭಾನುವಾರ ನಾಲ್ಕಕ್ಕೆ ಮತ್ತೆ ಫೋನ್ ಮಾಡಿ ಎಂದು ಇಂಗ್ಲೆಂಡಮ್ಮನಿಗೆ ಮೇಲ್ ಕಳಿಸಿದೆ.

೧೯ ಮಾರ್ಚ್, ಭಾನುವಾರ



ನಾಲ್ಕಕ್ಕೆ ಸರಿಯಾಗಿ ಫೋನ್. ಅಂಗಡಿ ಬಾಗಿಲು ಅರ್ಧ ಎಳೆದೆವು, ಬಸ್ಸಿನ ಹಾರನ್ ಕೇಳಬಾರದೆಂದು. ನಾನು ರಿಸೀವರ್ ಹಿಡಿದುಕೊಂಡೆ. ಅತ್ತೆ ಚಾಪೆ ಮೇಲೆ ಕೂತು ಒಂದೊಂದೇ ಗಂಟೆ ಎತ್ತಿ, ಹಸು ನಡೆದಂತೆ ನಿಧಾನ ಅಲ್ಲಾಡಿಸಿದರು. ಇವರು ಆದದ್ದನ್ನು ಪಕ್ಕಕ್ಕಿಡುತ್ತಾ ಹೋದರು.

"ನೋ." "ನೋ." "ನೋ, ಇದು ಅಡಿಗೆಮನೆ." "ನೋ."

ಇವರು ಪಿಸುಗುಟ್ಟಿದರು, "ಇವಳು ಒಪ್ಪೋಳಲ್ಲ ಬುಡು." ಚೀಲದ ತಳದಲ್ಲಿ ಹರಿದ ಪಟ್ಟಿಯ ಜೊತೆ ಇದ್ದ ಒಂದು ಕಪ್ಪು ಗಂಟೆ ಉಳಿದಿತ್ತು. ಅತ್ತೆ ಅದನ್ನೆತ್ತಿದರು. ಡೊಂಕ್… ಡೊಂಕ್… ನೀರೊಳಗಿಂದ ಬಂದ ಹಾಗೆ.

ಆ ಕಡೆ ಮಾತೇ ಇಲ್ಲ. ಲೈನ್ ಹೋಯಿತೇನೋ ಎಂದು "ಹಲೋ, ಹಲೋ" ಅಂದೆ. ಅಳುತ್ತಿದ್ದರು. "ಇನ್ನೊಮ್ಮೆ" ಅಂದರು. ಅತ್ತೆ ಬಾರಿಸಿದರು. "ಇನ್ನೊಮ್ಮೆ." ಹೀಗೆ ಎಷ್ಟು ಸಲವೋ.

ಫೋನ್ ಇಟ್ಟ ಮೇಲೆ ಮೂವರೂ ಕಾಫಿ ಕುಡಿದೆವು. ಇವರು ಎರಡನೇ ಲೋಟ ಕೇಳಿದರು.

೨೦ ಮಾರ್ಚ್

ತಪ್ಪಾಗಿದೆ. ಬೆಳಿಗ್ಗೆಯೇ ಮಂಚಯ್ಯ ಫೋನ್ ಮಾಡಿದರು. ಹರಿದ ಪಟ್ಟಿಯ ಗಂಟೆ ಮಾರುವುದಲ್ಲವಂತೆ. ಅವರ ಮನೆಯ ಹಸುವಿನದು. ಪಟ್ಟಿ ಬದಲಿಸಲು ಚೀಲಕ್ಕೆ ಹಾಕಿದ್ದು, ಹೇಳಲು ಮರೆತರಂತೆ.

"ನಂದಾಗಿದ್ರೆ ಈಗ್ಲೇ ತಗೊಳಿ ಅಂತಿದ್ದೆ. ಹಸ ನಮ್ಮವಳ್ದು. ಅವಳ್ನೇ ಕೇಳ್ಬೇಕು."

ನಾಳೆ ಹೋಗುತ್ತೇನೆ.

೨೧ ಮಾರ್ಚ್

ಎಚ್.ಡಿ. ಕೋಟೆಯಲ್ಲಿ ಬಸ್ ಬದಲಿಸಿ ಅಂತರಸಂತೆ. ಮಂಚಯ್ಯನ ಹೆಂಡತಿ ಚಿಕ್ಕಬೀರಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಗಂಟೆಯನ್ನು ಅವರ ಮಡಿಲಿಗೇ ಇಟ್ಟೆ. ಮೊದಲು ಅವರದನ್ನು ಅವರಿಗೆ ಕೊಟ್ಟು ಆಮೇಲೆ ಮಾತು ಎಂದುಕೊಂಡಿದ್ದೆ.

ಕತೆಯನ್ನೆಲ್ಲ ಕೇಳಿದರು. ಮೊರ ಕೆಳಗಿಟ್ಟರು.

"ಕಣ್ಣಿಲ್ದ ಕುದ್ರೆ… ಅಯ್ಯೋ ಪಾಪ. ಆದ್ರೆ ನೋಡವ್ವ, ನಮ್ ಕೆಂಪಿ ಕಾಡಂಚಲ್ಲಿ ಮೇಯೋದು. ಕತ್ಲಾದ್ರೆ ನನ್ ಕಣ್ಣೂ ಅಷ್ಟಕ್ಕಷ್ಟೆ. ಈ ಸದ್ದು ಹಿಡ್ಕಂಡೇ ನಾನು ಅವಳ್ನ ಉಡ್ಕೋದು. ಹೋದ್ ವರ್ಸ ಪಕ್ಕದ್ಮನೆ ಕರಾನ ಚಿರ್ತೆ ಒಯ್ತು."

ನನಗೆ ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಅಲ್ಲೂ ಒಬ್ಬರು ಸದ್ದು ನಂಬಿದವರು, ಇಲ್ಲೂ ಒಬ್ಬರು. "ಬೇಡಿ ಅಕ್ಕ, ನಿಮ್ಮತ್ರಾನೇ ಇರ್ಲಿ" ಎಂದು ಎದ್ದೆ.

"ಕೂತ್ಕೊ. ಊಟ ಮಾಡ್ದೆ ಎಲ್ಗೋಯ್ತೀಯ?" ಎಂದು ಕೈ ಹಿಡಿದು ಕೂರಿಸಿದರು. ಮುದ್ದೆ, ಹುರುಳಿ ಸಾರು. ಬಡಿಸುತ್ತಾ ಅವರೇ ಹೇಳಿದರು — "ಬೇರೆ ಗಂಟೆ ಒಂದು ಕೊಟ್ಟೋಗು. ನಾಕು ದಿನ ಕೆಂಪಿಗೆ ಕಟ್ತೀನಿ. ಅದ್ರ ಸದ್ದು ನನ್ ಕಿವಿಗೆ ಒಗ್ಗಿದ್ರೆ ಇದ್ನ ಕಳ್ಸ್ತೀನಿ. ಒಗ್ನಿಲ್ಲ ಅಂದ್ರೆ ಇಲ್ಲ. ಬೇಜಾರ್ ಮಾಡ್ಕಬೇಡ."

ಇದಕ್ಕಿಂತ ನ್ಯಾಯದ ಮಾತು ಇನ್ನೇನಿದೆ. ಬದಲಿಗೆ ಕೊಡಬಹುದೇನೋ ಎಂದು ನಾನು ತಂದಿದ್ದ ಗಂಟೆಗಳಲ್ಲಿ ಅವರೇ ಒಂದನ್ನು ಆರಿಸಿಕೊಂಡರು. ಸ್ವಲ್ಪ ಕೀರಲು ದನಿಯದು. "ಇದು ದೂರಕ್ಕೆ ಕೇಳ್ತದೆ."

ಇಂಗ್ಲೆಂಡಮ್ಮನಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಕೆಂಪು ಮಾರ್ಕು ಹಾಕಿದರೆ ಹಾಕಲಿ. ಚಿಕ್ಕಬೀರಮ್ಮನ ಗಂಟೆ ಕಸಿದು ಕಳಿಸಲಾರೆ.

೨೨ ಮಾರ್ಚ್

ಉತ್ತರ ಒಂದೇ ಸಾಲು. "ಆಕೆಯ ಹಸು ಮೊದಲು. ನಾನು ಕಾಯುತ್ತೇನೆ."

ಎರಡು ಸಲ ಓದಿದೆ.

೨೮ ಮಾರ್ಚ್

ಮಧ್ಯಾಹ್ನ ಮಂಚಯ್ಯ ಬಂದರು. ಕೂತು ನೀರು ಕೇಳಿದರು. ನೀರು ಕುಡಿದು ಹೆಗಲ ಟವೆಲಿನ ಗಂಟು ಬಿಚ್ಚಿದರು.

ಕಪ್ಪು ಗಂಟೆ.

"ಮೊನ್ನೆ ಕತ್ಲಲ್ಲಿ ಕೆಂಪಿ ಕೆರೆ ಆಚೆ ಇತ್ತು. ನಾನು ಈಚೆಗೆ ಉಡುಕ್ತಿದ್ದೆ. ನಮ್ಮವಳು ಹೊಸ ಗಂಟೆ ಸದ್ದು ಕೇಳಿ 'ಅಗೋ, ಅಲ್ಲವ್ಳೆ' ಅಂದ್ಲು. ಅಷ್ಟೆಯ. ಬೆಳಿಗ್ಗೆ ಎದ್ದು 'ತಗೊಂಡೋಗಿ ಕೊಟ್ಬುಡಿ' ಅಂದ್ಲು."

ಇವರು ಪಟ್ಟಿ ಹೊಲಿಯಲು ಕೂತಿದ್ದಾರೆ. ಯಾರೂ ಹೇಳಿಲ್ಲ. ಒಳಗೆ ಕತ್ತೆಯ ಕೂದಲು ಸಿಕ್ಕದಿರಲೆಂದು ಮೆತ್ತನೆಯ ಬಟ್ಟೆಯ ಪದರವನ್ನೂ ಇಡುತ್ತಿದ್ದಾರೆ. ನಾಳೆ ಕಂಠಪ್ಪನವರು ಏನಾದರೂ ಅನ್ನಲಿ.

೧೫ ಏಪ್ರಿಲ್, ಶನಿವಾರ

ಪಾರ್ಸೆಲ್ ತಲುಪಿ ನಾಲ್ಕು ದಿನವಾಗಿತ್ತು. ಸೈಟ್‌ನಲ್ಲಿ ಹಸಿರೂ ಇಲ್ಲ, ಕೆಂಪೂ ಇಲ್ಲ. ಇವತ್ತು ನಾಲ್ಕಕ್ಕೆ ಫೋನ್ ಮಾಡುತ್ತೇನೆಂದು ಮಾತ್ರ ಮೇಲ್. ಮಂಚಯ್ಯನಿಗೆ ತಿಳಿಸಿದ್ದೆ. ಚಿಕ್ಕಬೀರಮ್ಮನೂ ಬಂದರು, ಸೆರಗಿನಲ್ಲಿ ಹುರುಳಿ ಕಟ್ಟಿಕೊಂಡು.

ಫೋನ್ ಬಂತು. ಮೊದಲು ದೂರು. ಬಕಲ್ ಬಿಗಿಯಂತೆ. ಪೆಟ್ಟಿಗೆಗೆ ಹೊಗೆ ವಾಸನೆಯಂತೆ. "ಯೆಸ್ ಮೇಡಂ, ಸಾರಿ ಮೇಡಂ" ಅಂದೆ. ಅತ್ತೆ ಹಣೆ ಚಚ್ಚಿಕೊಂಡರು. ಆಮೇಲೆ ಅವರು "ಒಂದು ನಿಮಿಷ" ಎಂದು ಫೋನನ್ನು ಹೊಲದ ಕಡೆಗೆ ಹಿಡಿದರಂತೆ.

ಆ ಸದ್ದು ಕೇಳಿಸಿಕೊಳ್ಳುತ್ತಾ ನಾನು ನಿಲ್ಲಲಿಲ್ಲ. ರಿಸೀವರನ್ನು ಚಿಕ್ಕಬೀರಮ್ಮನ ಕಿವಿಗೆ ಇಟ್ಟೆ.

ಕಣ್ಣು ಮುಚ್ಚಿದರು. ತುಟಿ ಅಲುಗಿತು.

"ನಮ್ ಗಂಟೇನೇ… ಹೂಂ. ಚಿಕ್ಕ ಗೊರಸು ಮುಂದೆ ಹೋಯ್ತಾ ಅದೆ." ಸ್ವಲ್ಪ ಹೊತ್ತು. "ಈಗ ದೊಡ್ಡದು. ನಿಂತ್ಕತು… ಇಲ್ಲ ಇಲ್ಲ, ಬತ್ತಾ ಅದೆ ಕಣವ್ವ, ಹಿಂದ್ಗಡೇಲೇ ಬತ್ತಾ ಅದೆ!"

ಅತ್ತೆ ತಮಗೂ ಕೊಡೆಂದು ಕೈ ಚಾಚಿದರು. ಕೊಡಲಿಲ್ಲ. ಇವರು ಬಗ್ಗಿ ಇನ್ನೊಂದು ಕಡೆಯಿಂದ ಕಿವಿ ಆನಿಸಿದರು. ಚಿಕ್ಕಬೀರಮ್ಮ ಫೋನಿಗೇ ಕೂಗಿ ಹೇಳಿದರು, "ಬಿರ್ರನೆ ಓಡುಸ್ಬೇಡಿ ಕಣ್ರಮ್ಮ, ಅದ್ರ ಪಾಡಿಗೆ ನಡೀಲಿ!" ಆ ಕಡೆಯಿಂದ ಇಂಗ್ಲೆಂಡಮ್ಮ ಏನೋ ಅಂದರು, ಚಿಕ್ಕಬೀರಮ್ಮ ಇನ್ನೇನೋ ಅಂದರು. ಇಬ್ಬರಿಗೂ ನನ್ನ ಅಗತ್ಯವೇ ಬೀಳಲಿಲ್ಲ, ಈಗಲೂ ಮಾತಾಡುತ್ತಲೇ ಇದ್ದಾರೆ, ನಾನು ಇಲ್ಲಿ ಕೂತು ಬರೆಯುತ್ತಾ ಅವರಿಬ್ಬರೂ ನಗುವುದನ್ನು ಕೇಳುತ್ತಿದ್ದೇನೆ.