ಪರದೆ ತೋರಿಸುವ ಬಿಸಿ

ಪ್ರಯೋಗಾಲಯ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಕೆಮ್ಮು ನಿಂತಿತೇ, ಇಲ್ಲಾ ಹಡಗಿನವರಿಗೆಲ್ಲ ಹಂಚಿಬಿಟ್ಟೆಯಾ? ಅಮ್ಮ ಚೆನ್ನಾಗಿದ್ದಾಳೆ. ಮೇಲಿನ ಮನೆಯವರ ಒದ್ದೆ ಬಟ್ಟೆ ನಮ್ಮ ಬಾಲ್ಕನಿಗೆ ಸೋರುವುದು ನಿಂತಿಲ್ಲ, ಅಮ್ಮನ ಬಾಯಿಯೂ ನಿಂತಿಲ್ಲ. ಹಾಗಾಗಿ ನಮ್ಮ ಬಗ್ಗೆ ಚಿಂತೆ ಬೇಡ. ನಿನ್ನ ಹಡಗಿನ ಫೋನ್ ಮತ್ತೆ ಕೈಕೊಟ್ಟಿದೆಯಂತೆ. ಹೇಳುವುದಿದ್ದರೆ ತಮ್ಮ ಆಫೀಸಿಗೆ ಬರೆದುಕೊಡಿ, ರೇಡಿಯೋದಲ್ಲಿ ಓದಿ ತಿಳಿಸುತ್ತೇವೆ ಎಂದರು ನಿಮ್ಮ ಹಡಗು ಕಂಪನಿಯವರು. ಮಗಳು ಅಪ್ಪನಿಗೆ ಬರೆದದ್ದನ್ನು ಯಾರೋ ಗುಮಾಸ್ತರು ಗಟ್ಟಿಯಾಗಿ ಓದುವುದು ನನಗೆ ಹಿಡಿಸಲಿಲ್ಲ. ನಿಮ್ಮ ಹಡಗಿಗೆ ಹೊಸದಾಗಿ ಸೇರುವ ಎಲೆಕ್ಟ್ರಿಷಿಯನ್ ನಮ್ಮ ಪಕ್ಕದ ಬೀದಿಯವರೇ. ಇವತ್ತು ಸಂಜೆ ಹೊರಡುತ್ತಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಾನು ಮಾತ್ರ ಚೆನ್ನಾಗಿಲ್ಲ ಅಪ್ಪಾ. ನಿನ್ನ ಹಡಗಿನಲ್ಲಿರುವಂಥದೇ, ನಾವು ಇಲ್ಲಿ ತಯಾರಿಸುವ ಪೆಟ್ಟಿಗೆ ಇನ್ನೊಂದು ಹಡಗಿನಲ್ಲೂ ಇದೆ. ಎಂಜಿನ್ನಿನ ಬಿಸಿಯನ್ನು ಅಳೆದು ಮೇಲಿನ ಕೋಣೆಯ ಪರದೆಗೆ ಕೊಡುವ ಅದೇ ಪೆಟ್ಟಿಗೆ. ಹೋದ ತಿಂಗಳು ಆ ಹಡಗಿನ ಪರದೆಯ ಮೇಲೆ ಅಂಕಿ ತಣ್ಣಗೆ ಕೂತಿತ್ತು, ಕೆಳಗೆ ಎಂಜಿನ್ ಕೆಂಡವಾಗಿತ್ತು. ಪೈಪು ಒಡೆದು, ಎಣ್ಣೆ ಹಾಕುವ ಹುಡುಗಿಯೊಬ್ಬಳ ಎರಡೂ ಕೈ ಬೆಂದುಹೋದವು. ಪೆಟ್ಟಿಗೆಯನ್ನು ಆರಿಸಿ ಮತ್ತೆ ಚಾಲೂ ಮಾಡಿದ ಮೇಲೆ ಏನೂ ಆಗಿಲ್ಲವೆನ್ನುವಂತೆ ನಡೆಯಿತಂತೆ. ನಮ್ಮಲ್ಲಿಗೆ ತರಿಸಿ ನೋಡಿದಾಗಲೂ ಹುಳುಕು ಸಿಗಲಿಲ್ಲ. ಅಲ್ಲಿಯ ಎಂಜಿನಿಯರೇ ಅಂಕಿ ತಪ್ಪಾಗಿ ಓದಿರಬೇಕು ಎಂದು ನಮ್ಮ ಮುಖ್ಯಸ್ಥರು ತೀರ್ಮಾನ ಮಾಡಿಬಿಟ್ಟರು. ಅವರಿಗೆ ನಾವಿಟ್ಟ ಹೆಸರು 'ಆಗ್ಲಿಬಿಡಿ'. ಏನು ಹೇಳಿದರೂ ಅವರ ಉತ್ತರ ಅಷ್ಟೇ. ಆ ಎಂಜಿನಿಯರ್ ನಿನ್ನ ವಯಸ್ಸಿನವರು, ನಿನ್ನದೇ ಕೆಲಸದವರು. ನೀನು ಅಂಕಿ ತಪ್ಪು ಓದುತ್ತೀಯಾ? ನನಗೆ ನಂಬಿಕೆ ಬರಲಿಲ್ಲ.

ಅಂದಿನಿಂದ ಪೆಟ್ಟಿಗೆಗೆ ಚಿತ್ರಹಿಂಸೆ ಕೊಡುವುದೇ ನನ್ನ ಕೆಲಸ. ಅದರೊಳಗಿನ ಮೆಮೊರಿಯನ್ನು ಒಂದು ಲಾಡ್ಜ್ ಎಂದುಕೋ. ಒಂದೊಂದು ಪ್ರೋಗ್ರಾಮೂ ಬಂದು ಕೋಣೆ ಕೇಳುತ್ತದೆ, ಕೆಲಸ ಮುಗಿದರೆ ಬಿಟ್ಟುಕೊಡುತ್ತದೆ. ಬೀಗದ ಕೈ ಹಂಚುವ ಮ್ಯಾನೇಜರ್ ಎಂದರೆ ಆಪರೇಟಿಂಗ್ ಸಿಸ್ಟಮ್. ಲಾಡ್ಜ್ ಅರ್ಧ ಖಾಲಿ ಇದ್ದಾಗ ಯಾವ ಮ್ಯಾನೇಜರ್ ಆದರೂ ಜಾಣನೇ. ಆದ್ದರಿಂದ ನಾನು ಸುಳ್ಳು ಗಿರಾಕಿಗಳನ್ನು ನುಗ್ಗಿಸುತ್ತೇನೆ. ಕೆಲವರು ಬಂದ ತಕ್ಷಣ ಹೋಗುತ್ತಾರೆ, ಕೆಲವರು ಜಪ್ಪಯ್ಯ ಅಂದರೂ ಜಾಗ ಬಿಡುವುದಿಲ್ಲ, ಕೆಲವರು ದೊಡ್ಡ ಕೋಣೆಯೇ ಬೇಕೆಂದು ಹಟ ಹಿಡಿಯುತ್ತಾರೆ. ಉಸಿರಾಡಲೂ ಜಾಗವಿಲ್ಲದಂತಾದಾಗ ಮ್ಯಾನೇಜರ್ ಎಲ್ಲಿ ಎಡವುತ್ತಾನೆಂದು ಕಾಯುತ್ತೇನೆ. "ಪಾಪದ್ದನ್ನ ಉಸಿರುಗಟ್ಟಿಸೋಕೆ ನಿಂಗೆ ಸಂಬಳ ಕೊಡ್ತಾರಾ?" ಎಂದು ಅಮ್ಮ ಕೇಳಿದಳು. ನಗಬೇಕಿತ್ತು, ಅಳು ಬಂತು.

ಏಕೆಂದರೆ ಅದು ಎಡವುತ್ತಲೇ ಇಲ್ಲ. ಒಂದು ಸಲ ಮಾತ್ರ ಅಂಕಿ ನಿಂತಂತೆ ಕಂಡಿತು. ಒಳಗೇನಾಗುತ್ತಿದೆ ಎಂದು ಬರೆದಿಡುವ ಪ್ರೋಗ್ರಾಮನ್ನು ಜೋಡಿಸಿದೆ ನೋಡು, ಮತ್ತೆ ನಿಲ್ಲಲೇ ಇಲ್ಲ. ಹೀಗೆ ಬರೆದಿಡುವುದರಿಂದಲೇ ಪೆಟ್ಟಿಗೆಯ ನಡಿಗೆ ಕೂದಲೆಳೆಯಷ್ಟು ನಿಧಾನವಾಗುತ್ತದೆ, ಅಷ್ಟು ಸಾಕು, ತಪ್ಪು ನುಣುಚಿಕೊಳ್ಳುತ್ತದೆ. ನೋಡಲು ಹೋದರೆ ಸಿಗುವುದಿಲ್ಲ, ನೋಡದಿದ್ದರೆ ಸಾಕ್ಷಿಯಿಲ್ಲ. ಜೊತೆಯವರು ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಹೋದರು. ಬಸ್ಸಿನಲ್ಲಿ ಯಾರಾದರೂ ಸೀಟು ಹಿಡಿದರೂ ಸಾಕು, ತಲೆ ಪೆಟ್ಟಿಗೆಯೊಳಗೆ ಹೋಗುತ್ತದೆ. ಮೊನ್ನೆ ಆಸ್ಪತ್ರೆಗೆ ಹೋಗಿ ಆ ಹುಡುಗಿಯನ್ನು ನೋಡಿದೆ. ಕೈಗಳಿಗೆ ಬಟ್ಟೆ ಸುತ್ತಿದ್ದರು. "ಗೊತ್ತಾಯ್ತಾ ಅಕ್ಕಾ, ಏನಾಗಿತ್ತು ಅಂತ?" ಎಂದು ಕೇಳಿದಳು. ಇಲ್ಲ ಎಂದು ಹೇಳಿ, ಅವಳಿಗೆ ನೀರು ಕುಡಿಸಿ ಬಂದೆ. ನಾಳೆಯಿಂದ ಪರೀಕ್ಷೆ ನಿಲ್ಲಿಸಬೇಕಂತೆ. "ಎಷ್ಟು ದಿನ ಅಂತ ಇಲ್ಲದ್ದನ್ನ ಹುಡುಕ್ತೀರಮ್ಮಾ, ಆಗ್ಲಿ ಬಿಡಿ" ಎಂದರು ಮುಖ್ಯಸ್ಥರು. ಅದಕ್ಕೇ ರಜೆಯ ದಿನವೂ ಬಂದು ಒಬ್ಬಳೇ ಕೂತಿದ್ದೇನೆ. ಫ್ಯಾನುಗಳ ಸದ್ದು ಬಿಟ್ಟರೆ ಕಟ್ಟಡದಲ್ಲಿ ಬೇರೆ ಸದ್ದಿಲ್ಲ. ಬರೆದಿಡುವ ಪ್ರೋಗ್ರಾಮನ್ನು ಕಿತ್ತುಹಾಕಿ, ಇದ್ದಬದ್ದ ಗಿರಾಕಿಗಳನ್ನೆಲ್ಲ ಒಟ್ಟಿಗೆ ನುಗ್ಗಿಸಿದ್ದೇನೆ, ಎಂಜಿನ್ನಿನ ಬದಲು ಹೀಟರಿನಿಂದ ಬಿಸಿ ಕೊಡುತ್ತಿದ್ದೇನೆ. ಸಾಕ್ಷಿಗೆ ಪರದೆಯ ಎದುರಿಗೆ ಮೊಬೈಲ್ ಕ್ಯಾಮೆರಾ ಇಟ್ಟಿದ್ದೇನೆ, ಅಷ್ಟೇ. ಇವತ್ತೂ ಸಿಗದಿದ್ದರೆ ಏನು ಮಾಡಲಿ ಎಂದು ನಿನ್ನನ್ನು ಕೇಳಬೇಕೆನಿಸಿತು.

ವೇಳೆಗೆ ಸರಿಯಾಗಿ ಊಟ ಮಾಡು. ಹೊಸ ಎಲೆಕ್ಟ್ರಿಷಿಯನ್ನರಿಗೆ ಸಮುದ್ರ ಹೊಸದು, ಸ್ವಲ್ಪ ನೋಡಿಕೋ. ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು, ಕೋಪವಿದೆ ಎಂದೂ ಬರೆಯಲು ಹೇಳಿದಳು.

ನಿನ್ನ ಮುದ್ದಿನ,
ಗುಬ್ಬಿ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಸಿಕ್ಕಿತು ಅಪ್ಪಾ. ಲಕೋಟೆ ಅಂಟಿಸುವಾಗ ತಲೆ ಎತ್ತಿದರೆ ಅಂಕಿ ನಿಂತಿದೆ. ನಾನು ಕೊಡುತ್ತಿದ್ದ ಬಿಸಿ ಏರುತ್ತಲೇ ಇದೆ, ಪರದೆ ಮಾತ್ರ ಹಳೆಯದನ್ನೇ ತೋರಿಸುತ್ತಿದೆ. ಪೆಟ್ಟಿಗೆಯನ್ನು ಆರಿಸದೆ ಹಾಗೆಯೇ ತಡೆದು ಮೆಮೊರಿ ತೆರೆದು ನೋಡಿದೆ: ಜಾಗ ಸಾಲದೆ ಮ್ಯಾನೇಜರ್ ಬಿಸಿಯ ಲೆಕ್ಕವನ್ನು ಬೇರೆ ಕೋಣೆಗೆ ಸಾಗಿಸಿದ್ದಾನೆ, ಪರದೆಗೆ ಹೇಳಿಲ್ಲ. ಅದು ಹಳೆಯ ಕೋಣೆಯನ್ನೇ ನೋಡುತ್ತಾ ಕೂತಿದೆ. ಮುಖ್ಯಸ್ಥರಿಗೆ ಫೋನ್ ಮಾಡಿದೆ. ಸರಿಪಡಿಸುವವರೆಗೆ ಯಾವ ಹಡಗಿಗೂ ತಿಳಿಸಬೇಡಿ ಎಂದರು. ಆಗುವುದಿಲ್ಲ ಎಂದು ಇಟ್ಟುಬಿಟ್ಟೆ. ಭಾನುವಾರವಾದ್ದರಿಂದ ನಿಮ್ಮ ಹಡಗು ಕಂಪನಿಯ ಆಫೀಸಿನಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ, ಎಲೆಕ್ಟ್ರಿಷಿಯನ್ ಗೇಟಿನಲ್ಲಿ ನಿಂತಿದ್ದಾರೆ. ಹೋದ ಸಲ ಫೋನಿನಲ್ಲಿ ನೀನು ಏನೆಂದೆ ನೆನಪಿದೆಯಾ? "ಈಗ ಎಂಜಿನ್ ನೋಡೋಕೆ ಯಾರನ್ನೂ ಕೆಳಗೆ ಕಳಿಸಲ್ಲ, ನನ್ನ ಮಗಳು ಪರೀಕ್ಷೆ ಮಾಡಿದ ಪೆಟ್ಟಿಗೆ ಇದೆಯಲ್ಲ" ಎಂದೆ. ಅದನ್ನು ನಂಬಬೇಡ. ಎಂಜಿನ್ನಿನ ಮೈಮೇಲಿರುವ ಹಳೆಯ ಥರ್ಮಾಮೀಟರನ್ನೇ ನೋಡಿಸು. ಕ್ಯಾಪ್ಟನ್ನರಿಗೆ ಈ ಕಾಗದ ತೋರಿಸು, ಬರೆದವಳು ನಾನೇ ಎಂದು ಹೇಳು. ನೀನು ಇದನ್ನು ಓದುವ ಹೊತ್ತಿಗೆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಆದರೂ ಏಳು ಅಪ್ಪಾ, ಈಗಲೇ ಹೋಗಿ ನೋಡು.