ಬಾಗದ ಬ್ಲೇಡು

ನವೆಂಬರ್ 9, ಭಾನುವಾರ

ಹಿಮ ತಳ್ಳುವ ಬ್ಲೇಡು ಮಾಡಿ ಮುಗಿಯಿತು. ಹಳೆಯ ಎಣ್ಣೆ ಟ್ಯಾಂಕಿನ ಹೊಟ್ಟೆ ಸೀಳಿ ಮಾಡಿದ್ದು. ಐದಡಿ ಅಗಲ. ಇನ್ನು ಸಣ್ಣ ಟ್ರ್ಯಾಕ್ಟರಿನ ಮೂತಿಗೆ ಕೂರಿಸುವುದು ಬಾಕಿ. ಬೆನ್ನು ಹಿಡಿದುಕೊಂಡಿದೆ.

ಮಂಗಳ, ಗುರು, ಶನಿ—ಹೆಂಡತಿ ವರ್ನಾಳನ್ನು ಡಯಾಲಿಸಿಸ್‌ಗೆ ಕರೆದೊಯ್ಯಲೇಬೇಕು. ಮನೆಯಿಂದ ರಸ್ತೆಗೆ ಕಾಲು ಮೈಲಿ. ಹನ್ನೆರಡು ವರ್ಷ ಅವಳ ತಮ್ಮ ರಾಯ್ ತನ್ನ ಪಿಕಪ್‌ನಲ್ಲಿ ಬಂದು ಹಿಮ ತಳ್ಳುತ್ತಿದ್ದ. ಮಾರ್ಚಿನಲ್ಲಿ ಹಿಮ ತಳ್ಳುವಾಗ ಅವಳ ಮೂರು ಲೈಲಾಕ್ ಹೂಗಿಡ ಬುಡಸಮೇತ ಕಿತ್ತ. ಮೇಲೆ ನಗು ಬೇರೆ! ನಾನು ಕರೆಯುವ ತನಕ ಈ ದಾರಿಗೆ ಕಾಲಿಡಬೇಡ ಎಂದೆ. ಇಟ್ಟಿಲ್ಲ. ಉಳಿದ ಗಿಡಗಳಿಗೆ ಕಾವಲಾಗಿ ದಾರಿಯಂಚಿಗೆ ಏಳು ಬಂಡೆ ಹೂಳಿದ್ದೇನೆ. ಅವನ ಬ್ಲೇಡು ಅವಕ್ಕೆ ಬಡಿಯಲಿ.

ನವೆಂಬರ್ 22, ಶನಿವಾರ

ಕೂರಿಸಿದೆ. ಒಂದು ತೂತು ಕಾಲಿಂಚು ತಪ್ಪಿತ್ತು. ಬೈದುಕೊಂಡು ಮತ್ತೆ ಕೊರೆದೆ. ಬ್ಲೇಡು ಎತ್ತಿಳಿಸಲು ತಂತಿಹಗ್ಗದ ವಿಂಚ್. ರಸ್ತೆಯಂಚಿನ ಟಪಾಲು ಡಬ್ಬಿಯ ತನಕ ಓಡಿಸಿ ನೋಡಿದೆ. ಸರಿಯಾಗಿ ಆಗಲೇ ರಾಯ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಗಾಜು ಇಳಿಸಿದ.

"ಸ್ಪ್ರಿಂಗ್ ಎಲ್ಲಿ ವೆಸ್?"

"ಬೇಡ. ಗಟ್ಟಿಯಾಗಿ ವೆಲ್ಡ್ ಮಾಡಿದೀನಿ."

"ಏನಾದ್ರೂ ತಗುಲಿದ್ರೆ ಬ್ಲೇಡು ಬಾಗ್ಬೇಕು ಮಾರಾಯ. ಇಲ್ದಿದ್ರೆ ಟ್ರ್ಯಾಕ್ಟರೇ ಮುರಿಯುತ್ತೆ. ದಾರಿಯಂಚಿನ ಗುರುತಿಗೆ ಗೂಟನಾದ್ರೂ ನೆಟ್ಯಾ? ನೆಲ ಇನ್ನೇನು ಹೆಪ್ಪುಗಟ್ಟುತ್ತೆ."

"ನನ್ನ ದಾರಿ ನಂಗೆ ಗೊತ್ತು."

"ಗೊತ್ತಿರ್ಲಿ ಬಿಡು" ಎಂದು ಹೊರಟ. ಪುನಃ ಅದೇ ನಗು.

ಡಿಸೆಂಬರ್ 2, ಮಂಗಳವಾರ

ಎಂಟು ಇಂಚು ಹಿಮ ಬಿತ್ತು. ಇಪ್ಪತ್ತೇ ನಿಮಿಷದಲ್ಲಿ ದಾರಿ ಸಾಫ್! ವರ್ನಾ ಕಿಟಕಿಯಿಂದ ಚಪ್ಪಾಳೆ ತಟ್ಟಿದಳು. ಕ್ಲಿನಿಕ್ಕಿಗೆ ಐದು ನಿಮಿಷ ಮುಂಚೆಯೇ ತಲುಪಿದೆವು. ಸಂಜೆ ಗೂಟ ನೆಡಲು ಹೋದೆ. ಸುತ್ತಿಗೆಯೇ ಪುಟಿಯಿತು. ಮೂರು ಮುರಿದವು, ಬಿಟ್ಟೆ. ಕಣ್ಣು ಮುಚ್ಚಿ ಹೋಗಬಲ್ಲೆ.

ಡಿಸೆಂಬರ್ 4, ಗುರುವಾರ

ಸರೋವರದ ಕಡೆಯಿಂದ ಬಿರುಗಾಳಿ. ಕ್ಲಿನಿಕ್ ಮುಚ್ಚಿದೆ. ಶನಿವಾರ ಹನ್ನೆರಡಕ್ಕೆ ಬನ್ನಿ, ತಪ್ಪಿಸಬೇಡಿ ಎಂದರು. ತಪ್ಪಿಸುವುದು ನಾನೇ? ವರ್ನಾಗೆ ನೀರು ಅಳತೆಯಲ್ಲಿ ಕೊಡುತ್ತಿದ್ದೇನೆ. ಒಂದೇ ತುತ್ತು ಪೇಸ್ಟಿ ಕಡುಬು ತಿಂದಳು.

ಡಿಸೆಂಬರ್ 6, ಶನಿವಾರ, ಬೆಳಿಗ್ಗೆ 8.15

ಮಲಗಿದರೆ ಅವಳಿಗೆ ಉಸಿರು ಸಿಗುವುದಿಲ್ಲ. ಕುರ್ಚಿಯಲ್ಲೇ ಕುಳಿತಿದ್ದಾಳೆ. ಪಾದ ಊದಿ ಅವಳ ಬೂಟು ಹತ್ತುತ್ತಿಲ್ಲ, ದಾರಿ ಬಿಡಿಸಿ ಬಂದ ಮೇಲೆ ನನ್ನದೇ ಹಾಕಬೇಕು. ಹೊರಗೆ ಸೊಂಟದ ತನಕ ಹಿಮ. ಆಂಬುಲೆನ್ಸ್ ಕರೆದರೂ ಅದು ರಸ್ತೆಯಲ್ಲೇ ನಿಲ್ಲಬೇಕು. ಭಯವಾಗುತ್ತಿದೆ. ಹೊರಟೆ.

9.50

ಮುರಿಯಿತು.

ಮನೆಯಿಂದ ಐವತ್ತು ಗಜವೂ ಹೋಗಿರಲಿಲ್ಲ. ಎಲ್ಲ ಬಿಳಿ. ದಾರಿ ಯಾವುದು, ಅಂಚು ಯಾವುದು... ಧಡ್ ಎಂದು ನಿಂತಿತು. ಎದೆ ಸ್ಟೀರಿಂಗಿಗೆ ಬಡಿಯಿತು. ಬ್ಲೇಡಿಗೆ ಒಂದು ಗೀರೂ ಇಲ್ಲ. ನನ್ನ ವೆಲ್ಡಿಂಗ್ ಅಷ್ಟು ಗಟ್ಟಿ! ಟ್ರ್ಯಾಕ್ಟರಿನ ಮುಂದಿನ ಎರಕದ ಕಬ್ಬಿಣವೇ ಸೀಳಿದೆ, ಹಿಮದ ಮೇಲೆ ಎಣ್ಣೆ. ಕೈಯಲ್ಲಿ ಬಗೆದು ನೋಡಿದೆ. ಬಂಡೆ. ನಾನೇ ಹೂಳಿದ್ದು.

10.05

ವರ್ನಾ ಫೋನು ಚಾಚಿದಳು. ಬೈದಿದ್ದರೆ ಚೆನ್ನಾಗಿತ್ತು.

"ರಾಯ್... ಬಂಡೆಗೆ ಬಡಿದು ಟ್ರ್ಯಾಕ್ಟರ್ ಮುರೀತು. ಬಾ."

"ಟಪಾಲು ಡಬ್ಬಿ ಹತ್ರಾನೇ ಇದೀನಿ. ಎಂಟೂವರೆಯಿಂದ."

"ಮತ್ತೆ ಯಾಕೆ ಬರ್ಲಿಲ್ಲ?"

"ನೀನು ಕರೀಲಿಲ್ವಲ್ಲ."

ಅವನು ನಗಲಿಲ್ಲ.

"ಗೂಟ ಇಲ್ಲ ತಾನೇ? ಹಾಗಾದ್ರೆ ನೀನೇ ಗೂಟ. ಹೋಗಿ ಬಂಡೆ ಪಕ್ಕ ನಿಂತ್ಕೋ. ನನ್ ಗಾಡೀನೂ ಮುರಿದ್ರೆ ಅಕ್ಕನ ಗತಿ ಏನು?"

ನಿಲ್ಲಲು ನಾನೊಬ್ಬ, ಬಂಡೆ ಏಳು. ಗುರುತಿಗೆಂದು ಕುರ್ಚಿ, ಪೊರಕೆ, ಗುದ್ದಲಿ ಎಲ್ಲ ಬಾಗಿಲಿಗೆ ತಂದಿಟ್ಟೆ. ಎಲ್ಲೆಲ್ಲಿ ಹೂಳಿದೆ? ಬರೆದರೆ ನೆನಪಾದೀತು. ಒಂದು, ಮೊದಲ ಲೈಲಾಕ್ ಎದುರು. ಎರಡು, ಈಗ ಬಡಿದದ್ದು. ಮೂರು, ಸೌನಾ ಉಗಿಮನೆಯ ತಿರುವಿನಲ್ಲಿ. ವರ್ನಾ ಪೊರಕೆ ಹಿಡಿದು ಎದ್ದಿದ್ದಾಳೆ—"ನಾಲ್ಕನೇದು ನಂಗೆ ಗೊತ್ತು, ನಾನೇ ತೋರಿಸಿದ್ ಜಾಗ." ಕೂತ್ಕೋ ಎಂದೆ. ಕೇಳುವವಳಲ್ಲ. ಬಾಗಿಲು ತೆರೆದಳು. ನಾನು ಬಿಚ್ಚಿಟ್ಟ ಬೂಟು ಆಗಲೇ ಅವಳ ಕಾಲಲ್ಲಿದೆ, ನಾನು ಏನು ಹಾಕಿ—