ಮೊಣಕೈ ನಲ್ಲಿಯನ್ನು ಕೀಳಬೇಡಿ

ಗದಗ, ಫೆಬ್ರವರಿ ಮೂವತ್ತು, 2191

ಸುಟ್ಟಗಾಯದ ವಾರ್ಡಿನ ಹಿರಿಯ ನರ್ಸಮ್ಮನವರಿಗೆ ನಮಸ್ಕಾರ.

ತಾರೀಖು ತಪ್ಪಲ್ಲ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮಾತು ವಿಚಿತ್ರ ಕಂಡರೆ ಕ್ಷಮಿಸಬೇಕು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಮೂವತ್ತು ದಾಟಿದ ಮೇಲೆ ಮತ್ತೆ ಒಂದು ವರ್ಷ ಹೋದೆ, ಅಷ್ಟೇ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಎಲ್ಲರೂ ಮುತ್ತಜ್ಜಿಗೆ ಬರೆಯುತ್ತಾರೆ, ನಾನು ನಿಮಗೆ ಬರೆಯುತ್ತಿದ್ದೇನೆ. ಸರಿ ಮಾಡಿದೆನೋ ಇಲ್ಲವೋ, ಅದೂ ಒಂದು ಚಿಂತೆ.

ನಾನು ದ್ಯಾಮವ್ವ, ನಿಮ್ಮದೇ ವಾರ್ಡಿನಲ್ಲಿ ಪಟ್ಟಿ ಕಟ್ಟುವ ಆಯಾ. ನಮ್ಮ ಕಾಲ ಸುಖದ್ದೇ. ಸುಟ್ಟವರ ತೊಗಲನ್ನೇ ಕಾಳಿನಷ್ಟು ತೆಗೆದು, ಹಾಲಿನ ಕೆನೆಯಂತೆ ಬೆಳೆಸಿ ಗಾಯಕ್ಕೆ ಹೊದಿಸುತ್ತೇವೆ, ಅದು ಮರುತೊಗಲು. ಬಾಗಿಲಲ್ಲಿ ಕೈದೀಪವಿದೆ: ಅಂಗೈ ಒಡ್ಡಿದರೆ ಕೊಳೆಗೆ ಕೆಂಪು, ಶುದ್ಧಕ್ಕೆ ಹಸಿರು. ಹಸಿರು ಬಂದ ಮೇಲೂ ನಾನು ಮೂಲೆಯಲ್ಲಿರುವ ನಿಮ್ಮ ಕಾಲದ ನಲ್ಲಿಯನ್ನು ಮೊಣಕೈಯಿಂದ ತಳ್ಳಿ, ಸಾಬೂನು ಹಚ್ಚಿ ತೊಳೆಯುತ್ತೇನೆ. ಅದರ ವಾಷರು ಬದಲಾಯಿಸುತ್ತಲೇ ಬಂದಿದ್ದೇವೆ. ಸಿಸ್ಟರ್ ಮೆಹಜಬೀನ್ ನಗುತ್ತಾರೆ: "ದ್ಯಾಮವ್ವ, ಕೈ ಸವದು ಹೋದಾವು! ಆಮ್ಯಾಲೆ ನಿನಗೂ ಮರುತೊಗಲು ಹಾಕಬೇಕಾದೀತು."

ಹೋದ ತಿಂಗಳು ಆರು ವರ್ಷದ ಪಾರು ಬಂದಳು. ಕುದಿಯುವ ಸಾರು ಎದೆ, ಹೊಟ್ಟೆಯ ಮೇಲೆ ಚೆಲ್ಲಿತ್ತು. ಮರುತೊಗಲು ಹೊದಿಸಿದ ಮೂರನೇ ದಿನ ತಾಯಿ ಗಂಗಾಬಾಯಿ ಒಳಗೆ ಬಂದಳು. ಕೈದೀಪ ಹಸಿರು ತೋರಿಸಿತು. ನನಗೆ ಮಾತ್ರ ಜೀವ ತಡೆಯಲಿಲ್ಲ, ನಲ್ಲಿಗೆ ಕರೆದೊಯ್ದೆ. ಅವಳು ಕುಪ್ಪಸದ ಉದ್ದ ತೋಳು ಮೇಲೇರಿಸಿದಾಗ ಮಣಿಕಟ್ಟಿನಲ್ಲಿ ಹರಕೆಯ ದಾರ! ಅರಿಸಿನ, ಬೆವರು ಕೂಡಿ ಜಿಡ್ಡುಗಟ್ಟಿತ್ತು. ತೋಳಿನೊಳಗೆ ದೀಪದ ಕಣ್ಣು ಹೋಗುವುದಿಲ್ಲ. ಅದರ ನಂಜು ಗಾಯಕ್ಕೆ ತಾಗಿದ್ದರೆ ತೊಗಲು ಹಿಡಿಯುತ್ತಿರಲಿಲ್ಲ, ಮಗು ಉಳಿಯುತ್ತಿತ್ತೋ ಇಲ್ಲವೋ.

"ಕತ್ತರಿಸಬ್ಯಾಡ ಯಕ್ಕಾ," ಎಂದು ಅತ್ತಳು. "ಮಗಳು ನಡಕೊಂತ ಮನಿಗೆ ಬರೂತನಕ ಗಂಟು ಬಿಚ್ಚಂಗಿಲ್ಲಂತ ಬೇಡಕೊಂಡೀನಿ."

"ಗಂಟಿಗೆ ನಾ ಕೈ ಹಚ್ಚಂಗಿಲ್ಲ. ಬಳಿ ಹೆಂಗ ತಗೀತಾರ? ಹಂಗ ತಗಿಯೂಣು, ತಾ ಇಲ್ಲೆ."

ಸಾಬೂನು ಸವರಿ, ಅವಳ ಹೆಬ್ಬೆರಳು ಮಡಚಿ, ದಾರವನ್ನು ಮೆಲ್ಲಗೆ ಜಾರಿಸಿದೆ. ಗಂಟು ಹಾಗೆಯೇ ಉಳಿಯಿತು. ಮುಚ್ಚಳದ ಗಾಜಿನ ಭರಣಿಯಲ್ಲಿ ಹಾಕಿ, ಪಾರುವಿಗೆ ಕಾಣುವಂತೆ ಕಿಟಕಿಯಾಚೆ ಇಟ್ಟೆವು. ಸಿಸ್ಟರ್ ಆ ದಿನ ನಗಲಿಲ್ಲ, ನನ್ನ ಹಿಂದೆ ಸಾಲಿನಲ್ಲಿ ನಿಂತು ಕೈ ತೊಳೆದರು.

ತೊಗಲು ಹಿಡಿದಿದೆ. ನಿನ್ನೆ ಪಾರು ಮೊಸರನ್ನ ಕೇಳಿ ತಿಂದಳು.

ಇನ್ನೊಂದು ಮಾತು. ನಿಮ್ಮ ಕಾಲದ ದಫ್ತರವನ್ನು ಸಿಸ್ಟರಿಂದ ಓದಿಸಿಕೊಂಡೆ. ವಾರ್ಡಿನ ದುರಸ್ತಿಯಲ್ಲಿ ಕೀಳಬೇಕಾದ ಸಾಮಾನಿನ ಯಾದಿಯಲ್ಲಿ ಆ ನಲ್ಲಿಯೂ ಇತ್ತಂತೆ. ಯಾರೋ ನರ್ಸಮ್ಮ ಅಡ್ಡ ನಿಂತು ಉಳಿಸಿದರಂತೆ. ಹೆಸರು ಬರೆದಿಲ್ಲ. ನೀವೇ ಇರಬೇಕು. ಆ ದಿನ ನಿಮಗೆ ಇನ್ನೂ ಬಂದಿಲ್ಲದಿದ್ದರೆ ದಯವಿಟ್ಟು ಅಂದು ರಜೆ ಹಾಕಬೇಡಿ. ನಾಳೆ ಬೆಳಿಗ್ಗೆ ಎಂಟಕ್ಕೆ ಪಾರುವಿನ ಕೊನೆಯ ಪಟ್ಟಿ ಬಿಚ್ಚಬೇಕು, ನನಗೆ ಆ ನಲ್ಲಿ ಬೇಕು.

ನಿಮ್ಮ,
ದ್ಯಾಮವ್ವ